ಡಿಕ್ರಿ ಕೈಲಿದೆ, ದುಡ್ಡು ಎಲ್ಲಿದೆ? ವಸೂಲಿಯ ದಾರಿಗಳ ಹೋಲಿಕೆ

ಕೇಸು ಗೆದ್ದ ದಿನ ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೆ. ಪೇಂಟು, ಪ್ಲಂಬಿಂಗ್ ಸಾಮಾನು ಸಾಲಕ್ಕೆ ತಗೊಂಡು ಹೋಗಿದ್ದ ಕಂಟ್ರಾಕ್ಟರ್ ಒಬ್ಬರು ನನಗೆ 1.85 ಲಕ್ಷ ರೂಪಾಯಿ ಕೊಡಬೇಕು ಅಂತ ಕೋರ್ಟು ಹೇಳಿತ್ತು. ಬಡ್ಡಿ ಬೇರೆ. ಒಂದು ತಿಂಗಳು ಕಾದೆ, ಎರಡು ತಿಂಗಳು ಕಾದೆ. ಫೋನು ಮಾಡಿದರೆ "ನೋಡೋಣ ಸಾರ್" ಅನ್ನುವ ಅದೇ ಹಳೇ ಮಾತು. ನಮ್ಮ ವಕೀಲರ ಹತ್ತಿರ ಗೋಳು ಹೇಳಿಕೊಂಡರೆ ಅವರು ನಕ್ಕರು. "ನಿಮ್ಮ ಕೇಸು ಈಗ ಶುರುವಾಯ್ತು ನೋಡಿ" ಅಂದರು.

ತಮಾಷೆಗೆ ಹೇಳಿದ್ದು ಅಂದುಕೊಂಡೆ. ನಿಜವೇ ಹೇಳಿದ್ದರು. ಡಿಕ್ರಿ, ಅಂದರೆ ಹಣ ಕೊಡಬೇಕು ಅನ್ನುವ ಕೋರ್ಟಿನ ತೀರ್ಮಾನ, ಆಯ್ತು ಅಂತ ಕೋರ್ಟು ತಾನಾಗಿಯೇ ಹೋಗಿ ಹಣ ತಂದು ಕೊಡುವುದಿಲ್ಲ. ಅದಕ್ಕೆ ನಾವು ಇನ್ನೊಂದು ಅರ್ಜಿ ಹಾಕಬೇಕು. ಕಾಗದದಲ್ಲಿ ಅದು ಅಮಲ್ಜಾರಿ ಅರ್ಜಿ, ಕೋರ್ಟಿನ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ "ಇ.ಪಿ.". ಆ ಅರ್ಜಿಯಲ್ಲಿ ಒಂದು ಪ್ರಶ್ನೆಗೆ ನಾವೇ ಉತ್ತರ ಕೊಡಬೇಕು: ಹಣ ಯಾವ ದಾರಿಯಿಂದ ವಸೂಲಿ ಆಗಬೇಕು? ಸಂಬಳ ಹಿಡಿಯಬೇಕಾ, ಬ್ಯಾಂಕ್ ಖಾತೆ ಹಿಡಿಯಬೇಕಾ, ಮನೆಯ ಸಾಮಾನು ಜಪ್ತಿ ಮಾಡಬೇಕಾ, ಸೈಟು ಹರಾಜು ಹಾಕಬೇಕಾ, ಆಸಾಮಿಯನ್ನೇ ಸಿವಿಲ್ ಜೈಲಿಗೆ ಕಳಿಸಬೇಕಾ?

ನಾನು ಮೊದಲ ಸಲ ತಪ್ಪು ದಾರಿ ಹಿಡಿದೆ. ಅದರಲ್ಲಿ ಎಂಟು ತಿಂಗಳು ಹೋಯಿತು. ಅದಕ್ಕೇ ಈ ಹೋಲಿಕೆ.

ದಾರಿ ಆರಿಸುವ ಮೊದಲು

ಡಿಕ್ರಿಗೆ ಆಯಸ್ಸು 12 ವರ್ಷ. ಅಷ್ಟರೊಳಗೆ ಇ.ಪಿ. ಹಾಕಬೇಕು. ಹಾಗಂತ ಸುಮ್ನೆ ಕೂರಬೇಡಿ. ಡಿಕ್ರಿಯಾಗಿ ಎರಡು ವರ್ಷ ದಾಟಿದ ಮೇಲೆ ಹಾಕಿದರೆ ಮೊದಲು ಸಾಲಗಾರನಿಗೆ ನೋಟಿಸ್ ಕೊಡಲೇಬೇಕು. ನೋಟಿಸ್ ಅಂದರೆ ಅವನಿಗೆ ಸಮಯ. ಸಮಯ ಸಿಕ್ಕರೆ ಖಾತೆಯಲ್ಲಿರುವ ಹಣ ಭಾವಮೈದುನನ ಖಾತೆಗೆ ಹೋಗುತ್ತದೆ.

ಇನ್ನೊಂದು ವಿಷಯ. ಇ.ಪಿ.ಯನ್ನು ಆರು ತಿಂಗಳಲ್ಲಿ ಮುಗಿಸಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಅಂತ ಸುಪ್ರೀಂ ಕೋರ್ಟು 2021ರ ರಾಹುಲ್ ಶಾ ಪ್ರಕರಣದಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಿದೆ. 2025ರಲ್ಲಿ ಮತ್ತೆ ಅದನ್ನೇ ನೆನಪಿಸಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ವಾಯಿದೆ ಮೇಲೆ ವಾಯಿದೆ ಬೀಳುವುದು ನಿಂತಿಲ್ಲ. ಹಾಗಾಗಿ ಕೋರ್ಟಿನ ಓಡಾಟ ಕಡಿಮೆ ಇರುವ ದಾರಿಗೆ ನನ್ನ ಲೆಕ್ಕದಲ್ಲಿ ಬೆಲೆ ಜಾಸ್ತಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾಹಿತಿ. ಸಾಲಗಾರನ ಆಸ್ತಿ ಎಲ್ಲಿದೆ ಅಂತ ಹುಡುಕಿ ಕೊಡುವುದು ಕೋರ್ಟಿನ ಕೆಲಸ ಅಲ್ಲ, ನಮ್ಮದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ ಅರ್ಧ ಮಾಹಿತಿ ನಮ್ಮ ಡ್ರಾಯರಿನಲ್ಲೇ ಇರುತ್ತದೆ. ಅವನು ಹಿಂದೆ ಕೊಟ್ಟ ಚೆಕ್ಕಿನ ಜೆರಾಕ್ಸ್ ಇದೆಯಾ? ಅದರಲ್ಲಿ ಬ್ಯಾಂಕು, ಶಾಖೆ, ಖಾತೆ ನಂಬರು ಮೂರೂ ಇವೆ. ಆನ್‌ಲೈನಿನಲ್ಲಿ ಹಣ ಹಾಕಿದ್ದರೆ ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಅವನ ಬ್ಯಾಂಕಿನ ಸುಳಿವು ಇರುತ್ತದೆ. ಜಮೀನಿದ್ದರೆ ಭೂಮಿ ತಂತ್ರಾಂಶದಲ್ಲಿ ಪಹಣಿ ಸಿಗುತ್ತದೆ. ಸೈಟು, ಮನೆ ಆದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ತೆಗೆಸಬಹುದು. ವ್ಯಾಪಾರ ಇದ್ದರೆ ಜಿ.ಎಸ್.ಟಿ. ನಂಬರು ಹಾಕಿ ನೋಡಿ. ಅದು ಯಾರ ಹೆಸರಲ್ಲಿದೆ, ಒಬ್ಬನದಾ, ಪಾಲುದಾರಿಕೆಯಾ, ಕಂಪನಿಯಾ ಗೊತ್ತಾಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಡಿಕ್ರಿ ಕಂಪನಿಯ ಮೇಲಿದ್ದರೆ ನಿರ್ದೇಶಕನ ಸ್ವಂತ ಮನೆಗೆ ನೀವು ಕೈ ಹಾಕುವ ಹಾಗಿಲ್ಲ.

ಏನೂ ಗೊತ್ತಿಲ್ಲ ಅಂದರೂ ದಾರಿ ಇದೆ. ಡಿಕ್ರಿಯಾಗಿ 30 ದಿನ ಕಳೆದರೂ ಹಣ ಬಂದಿಲ್ಲ ಅಂದರೆ, ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡು ಅಂತ ಸಾಲಗಾರನಿಗೆ ಆದೇಶಿಸಲು ಕೋರ್ಟನ್ನು ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿ.ಪಿ.ಸಿ.ಯ ಆದೇಶ 21, ನಿಯಮ 41. ಆ ಆದೇಶ ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಎಷ್ಟೋ ಜನ ಈ ಅರ್ಜಿಯನ್ನು ಹಾಕುವುದೇ ಇಲ್ಲ. ಯಾಕೋ ಗೊತ್ತಿಲ್ಲ. ಖರ್ಚೂ ಕಡಿಮೆ, ಪೆಟ್ಟೂ ಸರಿಯಾಗಿ ಬೀಳುತ್ತದೆ. ಸುಳ್ಳು ಬರೆದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗಾಯಿತು. ನಿಜ ಬರೆದರೆ ನಮಗೆ ಪಟ್ಟಿ ಸಿಕ್ಕಿತು.

ಮೂರನೆಯವರ ಕೈಲಿರುವ ಹಣ: ನನ್ನ ಮೊದಲ ಓಟು

ಬ್ಯಾಂಕ್ ಖಾತೆ ಜಪ್ತಿ ಅಂದರೆ ಎಲ್ಲರಿಗೂ ಗೊತ್ತು. ಆದರೆ ಅದರ ಹಿಂದಿನ ತತ್ವ ಇನ್ನೂ ದೊಡ್ಡದು. ನಿಮ್ಮ ಸಾಲಗಾರನಿಗೆ ಬೇರೆ ಯಾರೋ ಹಣ ಕೊಡಬೇಕಾಗಿದೆಯಾ? ಆ ಹಣವನ್ನು ಅವನಿಗೆ ಕೊಡಬೇಡಿ, ಕೋರ್ಟಿಗೆ ಕಟ್ಟಿ ಅಂತ ಅವರಿಗೇ ನೋಟಿಸ್ ಹೋಗುತ್ತದೆ. ಇದಕ್ಕೆ ಗಾರ್ನಿಷೀ ಅನ್ನುತ್ತಾರೆ. ಬಾಯಲ್ಲಿ ಹೊರಳದ ಹೆಸರು. ಆದೇಶ 21ರ 46ಎ ಇಂದ 46ಐ ವರೆಗಿನ ನಿಯಮಗಳು ಇದಕ್ಕೇ ಮೀಸಲು, 1976ರ ತಿದ್ದುಪಡಿಯಲ್ಲಿ ಬಂದವು.

ಬ್ಯಾಂಕು ಸಾಲಗಾರನಿಗೆ ಕೊಡಬೇಕಾದ ಹಣವೇ ಅವನ ಖಾತೆಯ ಬಾಕಿ. ಹಾಗೆಯೇ ಅವನ ಅಂಗಡಿಯ ಬಾಡಿಗೆದಾರ ಕೊಡಬೇಕಾದ ಬಾಡಿಗೆ. ಅವನ ಗಿರಾಕಿ ಕೊಡಬೇಕಾದ ಬಿಲ್ಲು. ನೋಟಿಸ್ ತಲುಪಿದ ಮೇಲೆ ಆ ಮೂರನೆಯವರು ಹಣವನ್ನೂ ಕಟ್ಟಲಿಲ್ಲ, ಕೋರ್ಟಿಗೆ ಬಂದು ಕಾರಣವನ್ನೂ ಹೇಳಲಿಲ್ಲ ಅಂದರೆ, ಅವರ ಮೇಲೆಯೇ ಡಿಕ್ರಿ ಆದಂತೆ ವಸೂಲಿ ಮಾಡಲು ಕೋರ್ಟು ಆದೇಶಿಸಬಹುದು.

ಇದರಲ್ಲಿರುವ ಸೊಗಸು ನೋಡಿ. ಸಾಲಗಾರನಿಗೆ ಹಟ ಇರುತ್ತದೆ, ಸಿಟ್ಟು ಇರುತ್ತದೆ. ಮೂರನೆಯವರಿಗೆ ಅದೆಲ್ಲ ಯಾಕೆ? ಅವರು ಆ ಹಣವನ್ನು ಹೇಗೂ ಯಾರಿಗೋ ಕೊಡಲೇಬೇಕು. ಕೋರ್ಟಿಗೆ ಕಟ್ಟಿ ರಸೀದಿ ತಗೊಂಡರೆ ಅವರ ತಲೆನೋವು ಮುಗಿಯಿತು. ನನ್ನ ಕಂಟ್ರಾಕ್ಟರ್ ಒಂದು ಅಪಾರ್ಟ್‌ಮೆಂಟಿಗೆ ಪೇಂಟ್ ಮಾಡಿ ಮುಗಿಸಿದ್ದರು, ಕೊನೆಯ ಬಿಲ್ಲು ಬಾಕಿ ಇತ್ತು. ಅದು ಗೊತ್ತಾಗಿದ್ದು ಅವರ ಹತ್ತಿರ ಕೆಲಸ ಮಾಡುತ್ತಿದ್ದ ಪೇಂಟರ್ ಹುಡುಗನಿಂದ, ನಮ್ಮ ಅಂಗಡಿಗೆ ಬ್ರಷ್ ತಗೊಳ್ಳಲು ಬಂದಾಗ. ಅಪಾರ್ಟ್‌ಮೆಂಟ್ ಸಂಘಕ್ಕೆ ನೋಟಿಸ್ ಹೋಯಿತು. ಕಾರ್ಯದರ್ಶಿ ಮುಂದಿನ ವಾಯಿದೆಗೆ ಡಿ.ಡಿ. ಹಿಡಿದುಕೊಂಡೇ ಬಂದರು. ಎಂಟು ತಿಂಗಳು ಮನೆ ಬಾಗಿಲು ತಟ್ಟಿ ಆಗದ್ದು ಒಂದು ನೋಟಿಸಿನಲ್ಲಿ ಆಯಿತು.

ತೊಡಕುಗಳೂ ಇವೆ. ಖಾತೆಯಲ್ಲಿ ಆ ದಿನ ಎಷ್ಟಿದೆಯೋ ಅಷ್ಟೇ ಸಿಗುವುದು. 800 ರೂಪಾಯಿ ಇದ್ದರೆ 800. ವ್ಯಾಪಾರಸ್ಥರ ಓವರ್‌ಡ್ರಾಫ್ಟ್ ಖಾತೆ ಹಿಡಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಅಲ್ಲಿ ಬ್ಯಾಂಕಿಗೇ ಅವನು ಸಾಲಗಾರ, ಬ್ಯಾಂಕು ಅವನಿಗೆ ಕೊಡಬೇಕಾದ್ದು ಏನಿದೆ? ಜಂಟಿ ಖಾತೆ ಆದರೆ ಇನ್ನೊಬ್ಬರು ಬಂದು "ಹಣ ನನ್ನದು" ಅಂದೇ ಅನ್ನುತ್ತಾರೆ. ಬಿಲ್ಲಿನ ವಿಷಯದಲ್ಲಿ ಗಿರಾಕಿ "ಕೆಲಸ ಸರಿಯಾಗಿಲ್ಲ, ನಾನು ಕೊಡಬೇಕಾದ್ದಿಲ್ಲ" ಅಂದರೆ ಅದನ್ನೇ ಒಂದು ಕೇಸಿನ ಹಾಗೆ ವಿಚಾರಣೆ ಮಾಡಬೇಕಾಗುತ್ತದೆ. ಭವಿಷ್ಯ ನಿಧಿ, ಜೀವ ವಿಮೆ ಪಾಲಿಸಿಯಿಂದ ಬರಬೇಕಾದ ಹಣ, ಸರ್ಕಾರಿ ಪಿಂಚಣಿ ಇವಕ್ಕೆ ಸಿ.ಪಿ.ಸಿ. ಕಲಂ 60ರ ರಕ್ಷಣೆ ಇದೆ, ಮುಟ್ಟುವ ಹಾಗಿಲ್ಲ.

ಇಷ್ಟೆಲ್ಲ ಇದ್ದರೂ, ಯಾರು ಯಾವಾಗ ಎಷ್ಟು ಕೊಡಬೇಕು ಅಂತ ಖಚಿತ ಸುಳಿವು ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸಂಬಳ: ನಿಧಾನ, ಆದರೆ ನಿಗದಿತ

ಸಾಲಗಾರ ಸಂಬಳದ ಕೆಲಸದಲ್ಲಿದ್ದರೆ ನೀವು ಅದೃಷ್ಟವಂತರು. ಲೆಕ್ಕ ಹೀಗಿದೆ. ತಿಂಗಳ ಸಂಬಳದಲ್ಲಿ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಅವನಿಗೆ, ಒಂದು ಪಾಲು ನಿಮಗೆ. ಲೆಕ್ಕಕ್ಕೆ ಬರುವ ಸಂಬಳ 34,000 ಅಂದುಕೊಳ್ಳಿ. ಸಾವಿರ ಕಳೆದರೆ 33,000. ಅದರ ಮೂರನೇ ಒಂದು ಭಾಗ 11,000. ನನ್ನ 1.85 ಲಕ್ಷ ಹೀಗೆ ಬಂದಿದ್ದರೆ 17 ತಿಂಗಳಲ್ಲಿ ಅಸಲು ತೀರುತ್ತಿತ್ತು.

ಮಿತಿ ಇರುವುದು ಇಲ್ಲಿ: ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ ಸಂಬಳ ಹಿಡಿಯಬಹುದು. ಆಮೇಲೆ ಆ ಡಿಕ್ರಿಯ ಪಾಲಿಗೆ ಅವನ ಸಂಬಳ ಮುಗಿದ ಕಥೆ. ಹಾಗಾಗಿ ಈ ಉದಾಹರಣೆಯಲ್ಲಿ ಗರಿಷ್ಠ 2.64 ಲಕ್ಷ. ನಿಮ್ಮ ಡಿಕ್ರಿ ಅದಕ್ಕಿಂತ ದೊಡ್ಡದಾದರೆ ಸಂಬಳ ಒಂದೇ ಸಾಲದು. ಕೂಲಿ ಕಾರ್ಮಿಕರ, ಮನೆಗೆಲಸದವರ ಕೂಲಿಯನ್ನಂತೂ ಹಿಡಿಯಲು ಬರುವುದೇ ಇಲ್ಲ. ಅದು ಸರಿಯೇ ಅಲ್ವಾ?

ಖಾಸಗಿ ಕೆಲಸವಾದರೂ ಸರ್ಕಾರಿ ಕೆಲಸವಾದರೂ ಆದೇಶ ಹೋಗುವುದು ಸಂಬಳ ಕೊಡುವವರಿಗೆ. ಆದೇಶ ಕೈಸೇರಿದ ಮೇಲೂ ಹಿಡಿದುಕೊಳ್ಳದೆ ಪೂರ್ತಿ ಸಂಬಳ ಕೊಟ್ಟರೆ ಆ ಹಣಕ್ಕೆ ಅವರೇ ಹೊಣೆ. ಅದಕ್ಕೇ ಸರ್ಕಾರಿ ಕಚೇರಿಗಳಲ್ಲಿ ಇದು ಗಡಿಯಾರದ ಹಾಗೆ ನಡೆಯುತ್ತದೆ. ಖಾಸಗಿಯಲ್ಲಿ ಒಂದು ಅಪಾಯ ಇದೆ. ಆಸಾಮಿ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಿದರೆ ನೀವು ಮತ್ತೆ ಹೊಸ ವಿಳಾಸ ಹುಡುಕಬೇಕು.

ಮನೆಯ ಸಾಮಾನು: ಸದ್ದು ಜಾಸ್ತಿ, ಸರಕು ಕಡಿಮೆ

ನಾನು ಮೊದಲು ಬಿದ್ದದ್ದು ಇದರಲ್ಲೇ. ಅಮೀನರು (ಜಪ್ತಿ ಮಾಡಲು ಹೋಗುವ ಕೋರ್ಟಿನ ಸಿಬ್ಬಂದಿ) ಮನೆಗೆ ಹೋಗುತ್ತಾರೆ, ಟಿ.ವಿ., ಫ್ರಿಜ್ ಎತ್ತಿಕೊಂಡು ಬರುತ್ತಾರೆ, ಊರಿನವರ ಮುಂದೆ ಮಾನ ಹೋಗುತ್ತದೆ, ಮಾರನೇ ದಿನ ದುಡ್ಡು ಬರುತ್ತದೆ ಅಂತ ಕನಸು ಕಂಡಿದ್ದೆ.

ನೋಟಿಸ್, ವಾರಂಟು ಕಳಿಸಲು ಕೋರ್ಟಿಗೆ ಕಟ್ಟುವ ಪ್ರೋಸೆಸ್ ಫೀ ಕಟ್ಟಿದೆ. (ಕೋರ್ಟಿನಲ್ಲಿ "ಪಿ.ಎಫ್. ಕಟ್ಟಿದ್ರಾ?" ಅಂದರೆ ಇದು. ಮೊದಲ ದಿನ ನಾನು ಭವಿಷ್ಯ ನಿಧಿ ಅಂದುಕೊಂಡು ತಬ್ಬಿಬ್ಬಾಗಿದ್ದೆ.) ವಾಹನ ನಮ್ಮದೇ, ಹೊತ್ತು ಹಾಕುವ ಆಳುಗಳೂ ನಮ್ಮವರೇ. ಸಾಮಾನು ತೋರಿಸಿಕೊಡಲು ನಾವೇ ಜೊತೆಗೆ ಹೋಗಬೇಕು. ಮೊದಲ ಸಲ ಬಾಗಿಲಿಗೆ ಬೀಗ. ಎರಡನೇ ಸಲ ಮನೆಯಲ್ಲಿ ಹೆಂಡತಿ ಇದ್ದರು. ಫ್ರಿಜ್ ತವರಿನವರು ಕೊಟ್ಟದ್ದು ಅಂದರು, ಬಿಲ್ಲೂ ತೋರಿಸಿದರು. ಟಿ.ವಿ. ಮಗನದು. ಸೋಫಾ ಒಂದೇ ಸಾಲಗಾರನದು, ಅದರ ಸ್ಪ್ರಿಂಗ್ ಹೊರಗೆ ಬಂದಿತ್ತು.

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆಯೊಳಗೆ ಹೋಗುವ ಹಾಗಿಲ್ಲ. ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟುವ ಹಾಗಿಲ್ಲ. ಹೆಂಗಸರು ಸಂಪ್ರದಾಯದಂತೆ ಮೈಮೇಲಿಂದ ತೆಗೆಯಬಾರದ ಆಭರಣ, ಅಂದರೆ ತಾಳಿಯಂಥದ್ದು, ಮುಟ್ಟುವ ಹಾಗಿಲ್ಲ. ಬಡಗಿಯ ಉಳಿ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ ಕೂಡ ಇಲ್ಲ. "ಇದು ನನ್ನ ಸಾಮಾನು" ಅಂತ ಮೂರನೆಯವರು ತಕರಾರು ಅರ್ಜಿ ಹಾಕಿದರೆ ಅದನ್ನು ತೀರ್ಮಾನಿಸುವವರೆಗೆ ಎಲ್ಲ ನಿಂತುಬಿಡಬಹುದು. ಜಪ್ತಿಯಾದ ಸಾಮಾನನ್ನು ಕಾಪಾಡುವ ಖರ್ಚು ಬೇರೆ. ಹರಾಜಿನಲ್ಲಿ ಹಳೇ ಸೋಫಾಕ್ಕೆ ಎಷ್ಟು ಬರುತ್ತದೆ ಅಂತ ನೀವೇ ಊಹಿಸಿ.

ಹಾಗಾದರೆ ಈ ದಾರಿ ಯಾರಿಗೆ? ಸಾಲಗಾರನಿಗೆ ಅಂಗಡಿ, ಗೋಡೌನು ಇದ್ದು ಮಾಲು ತುಂಬಿದ್ದರೆ ಕೆಲಸಕ್ಕೆ ಬರುತ್ತದೆ. ಯಂತ್ರ, ಕಾರು, ಟ್ರ್ಯಾಕ್ಟರ್ ಇದ್ದರೂ ಸರಿ. ಆದರೆ ಮೊದಲು ಆರ್.ಸಿ. ನೋಡಿ. ಬ್ಯಾಂಕಿನ ಸಾಲದ ಮೇಲೆ ತಗೊಂಡ ಗಾಡಿ ಆಗಿದ್ದರೆ ಬ್ಯಾಂಕಿನ ಪಾಲು ತೀರಿದ ಮೇಲೆ ನಿಮ್ಮದು. ಮನೆಯ ಸಾಮಾನಿನ ಆಸೆಯನ್ನಂತೂ ಬಿಟ್ಟುಬಿಡಿ.

ಸೈಟು, ಮನೆ, ಜಮೀನು

ದೊಡ್ಡ ಮೊತ್ತಕ್ಕೆ ಇದೇ ಗಟ್ಟಿ ದಾರಿ. ಆಸ್ತಿ ಓಡಿಹೋಗುವುದಿಲ್ಲ. ಜಪ್ತಿ ಆದೇಶ ಆದ ಮೇಲೆ ಅವನು ಅದನ್ನು ಬೇರೆಯವರಿಗೆ ಮಾರಿದರೂ ಆ ಮಾರಾಟ ನಿಮ್ಮ ಡಿಕ್ರಿಗೆ ಅಡ್ಡ ಬರುವುದಿಲ್ಲ. ಜಪ್ತಿಯನ್ನು ಡಂಗುರ ಹೊಡೆಸಿ ಸಾರಬೇಕು, ಆದೇಶದ ಪ್ರತಿಯನ್ನು ಆಸ್ತಿಯ ಮೇಲೂ ಕೋರ್ಟಿನಲ್ಲೂ ಅಂಟಿಸಬೇಕು ಅಂತ ಕಾನೂನಿನಲ್ಲಿ ಇವತ್ತಿಗೂ ಇದೆ. ನಿಮ್ಮ ಕಡೆಯಿಂದ ಆದೇಶದ ಪ್ರತಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೂ ಮುಟ್ಟಿಸಿ. ಇ.ಸಿ.ಯಲ್ಲಿ ಜಪ್ತಿ ಕಾಣಿಸಿದರೆ ಕೊಳ್ಳಲು ಬಂದವರು ತಾವೇ ಹಿಂದೆ ಸರಿಯುತ್ತಾರೆ. ಎಷ್ಟೋ ಸಲ ಹರಾಜಿನವರೆಗೆ ಹೋಗುವುದೇ ಬೇಡ. ಮಗಳ ಮದುವೆಗೆ ಸಾಲ ಮಾಡಲು ಹೋದಾಗ ಬ್ಯಾಂಕು ಇ.ಸಿ. ನೋಡಿ ವಾಪಸ್ ಕಳಿಸುತ್ತದೆ, ಅವತ್ತು ಸಂಜೆ ನಿಮಗೆ ಫೋನು ಬರುತ್ತದೆ.

ಹರಾಜಿಗೇ ಹೋದರೆ ದಾರಿ ಉದ್ದ. ಮಾರಾಟದ ಷರತ್ತು ತೀರ್ಮಾನ ಆಗಬೇಕು, ಪ್ರಕಟಣೆ ಅಂಟಿಸಿ ಕನಿಷ್ಠ 15 ದಿನ ಕಾಯಬೇಕು. ಕೂಗಿ ಗೆದ್ದವರು ಅಲ್ಲೇ ಶೇಕಡಾ 25 ಕಟ್ಟಬೇಕು, ಉಳಿದದ್ದನ್ನು 15 ದಿನದೊಳಗೆ. ಅದಾದ ಮೇಲೂ ಸಾಲಗಾರ 60 ದಿನದೊಳಗೆ ನಿಮ್ಮ ಬಾಕಿಯನ್ನೂ, ಕೊಂಡವರಿಗೆ ಹರಾಜು ಬೆಲೆಯ ಶೇಕಡಾ 5ನ್ನೂ ಕಟ್ಟಿ ಹರಾಜು ರದ್ದು ಮಾಡಿಸಿಕೊಳ್ಳಬಹುದು. ಹರಾಜಿನಲ್ಲಿ ಲೋಪ ಆಗಿದೆ, ಮೋಸ ಆಗಿದೆ ಅಂತಲೂ ಅರ್ಜಿ ಹಾಕಬಹುದು. ಹಾಕುತ್ತಾರೆ ಕೂಡ.

ಎರಡು ಎಚ್ಚರಿಕೆ. ಎರಡು ಲಕ್ಷದ ಡಿಕ್ರಿಗೆ ಎರಡು ಕೋಟಿಯ ಜಮೀನು ಪೂರ್ತಿ ಮಾರಲು ಬರುವುದಿಲ್ಲ. ಡಿಕ್ರಿ ತೀರಲು ಎಷ್ಟು ಬೇಕೋ ಅಷ್ಟು ಭಾಗವನ್ನೇ ಮಾರಬೇಕು. ಜಾಸ್ತಿ ಮಾರಿಸಿಕೊಂಡರೆ ಆ ಹರಾಜು ಮೇಲಿನ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಎರಡನೆಯದು, ಸಣ್ಣ ಮೊತ್ತದವರಿಗೆ ಮುಖ್ಯವಾದದ್ದು. ನಿಮ್ಮ ಡಿಕ್ರಿ ಲಘು ವ್ಯವಹಾರ ನ್ಯಾಯಾಲಯದಿಂದ ಬಂದಿದ್ದರೆ ಆ ಕೋರ್ಟಿಗೆ ಸ್ಥಿರಾಸ್ತಿ ಹರಾಜು ಹಾಕಲು ಬರುವುದಿಲ್ಲ. ಡಿಕ್ರಿಯನ್ನು ಸಾಮಾನ್ಯ ಸಿವಿಲ್ ಕೋರ್ಟಿಗೆ ವರ್ಗ ಮಾಡಿಸಿಕೊಳ್ಳಬೇಕು. ಆಸ್ತಿ ಬೇರೆ ಜಿಲ್ಲೆಯಲ್ಲಿದ್ದರೂ ಹೀಗೇ ವರ್ಗ ಬೇಕು. ವರ್ಗ ಆಗುವಷ್ಟರಲ್ಲಿ ಮಾರಿಬಿಡುತ್ತಾನೆ ಅನ್ನುವ ಭಯ ಇದ್ದರೆ ಕಲಂ 46ರ ಅಡಿ ಅಲ್ಲಿನ ಕೋರ್ಟಿಗೆ ಸೂಚನೆ ಕಳಿಸಿ ಎರಡು ತಿಂಗಳ ಮಟ್ಟಿಗೆ ಜಪ್ತಿ ಮಾಡಿಸಬಹುದು.

ರೈತ ತಾನೇ ವಾಸ ಇರುವ ಮನೆಗೆ ರಕ್ಷಣೆ ಇದೆ. ಪೇಟೆಯ ವ್ಯಾಪಾರಿಯ ಮನೆಗೆ ನಮ್ಮ ರಾಜ್ಯದಲ್ಲಿ ಆ ರಕ್ಷಣೆ ಇಲ್ಲ.

ಜೈಲು

"ಒಳಗೆ ಹಾಕಿಸಿ ಸಾರ್, ದುಡ್ಡು ತಾನಾಗೇ ಬರುತ್ತೆ" ಅಂತ ಪುಕ್ಕಟೆ ಸಲಹೆ ಕೊಡುವವರು ಕೋರ್ಟಿನ ಹೊರಗಿನ ಟೀ ಅಂಗಡಿಯಲ್ಲಿ ತುಂಬ ಜನ ಇದ್ದಾರೆ. 5,000 ರೂಪಾಯಿಗಿಂತ ದೊಡ್ಡ ಡಿಕ್ರಿಗೆ ಮೂರು ತಿಂಗಳವರೆಗೆ ಸಿವಿಲ್ ಜೈಲು ಆಗಬಹುದು ಅನ್ನುವುದು ನಿಜ. ಅವರು ಹೇಳದೇ ಇರುವುದು ಉಳಿದದ್ದನ್ನು.

ಬಡವ ಅನ್ನುವ ಕಾರಣಕ್ಕೆ ಯಾರನ್ನೂ ಒಳಗೆ ಹಾಕಲು ಬರುವುದಿಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿತು. ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ, ಅಥವಾ ಆಸ್ತಿಯನ್ನು ಮೋಸದಿಂದ ಬೇರೆಯವರ ಹೆಸರಿಗೆ ಮಾಡಿದ್ದಾನೆ, ಅಥವಾ ಓಡಿಹೋಗುವ ಹಾಗಿದ್ದಾನೆ ಅಂತ ನೀವು ಸಾಬೀತು ಮಾಡಬೇಕು. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ. ಜೈಲಿನಲ್ಲಿರುವಾಗ ಅವನ ಊಟದ ಭತ್ಯೆ ಕಟ್ಟಬೇಕಾದವರು ನೀವು! ಕಟ್ಟದಿದ್ದರೆ ಬಿಟ್ಟು ಕಳಿಸುತ್ತಾರೆ. ಹೊರಗೆ ಬಂದ ಮೇಲೆ ಸಾಲ ಹಾಗೇ ಉಳಿಯುತ್ತದೆ, ಆದರೆ ಅದೇ ಡಿಕ್ರಿಗೆ ಅವನನ್ನು ಮತ್ತೆ ಬಂಧಿಸುವಂತಿಲ್ಲ. ಇದ್ದ ಒಂದೇ ಗುಂಡು ಹಾರಿಹೋದ ಹಾಗೆ.

ಆದರೂ ಒಂದು ತರಹದ ಸಾಲಗಾರನಿಗೆ ಇದೇ ಮದ್ದು. ಎಲ್ಲ ಆಸ್ತಿ ಹೆಂಡತಿ ಮಕ್ಕಳ ಹೆಸರಲ್ಲಿ, ತಾನು ಮಾತ್ರ ಹೊಸ ಕಾರಿನಲ್ಲಿ ಓಡಾಟ. ಅಂಥವರ ಫೋಟೊ, ಬಿಲ್ಲು, ಇ.ಸಿ. ಎಲ್ಲ ಇಟ್ಟುಕೊಂಡು ಅರ್ಜಿ ಹಾಕಿದರೆ ವಾರಂಟಿನ ಹಂತದಲ್ಲೇ ಹಣ ಹೊರಗೆ ಬರುತ್ತದೆ. ಬಂಧಿಸಲು ಬಂದ ಅಧಿಕಾರಿಯ ಕೈಗೆ ಪೂರ್ತಿ ಹಣ, ಖರ್ಚು ಕೊಟ್ಟರೆ ಅಲ್ಲೇ ಬಿಡಬೇಕು ಅಂತ ಕಾನೂನೇ ಹೇಳುತ್ತದೆ.

ಕಂತಿಗೆ ಒಪ್ಪಿಕೊಳ್ಳುವುದು

ಇದು ಸೋಲಲ್ಲ. ಸಾಲಗಾರನಿಗೆ ದಿನದ ವ್ಯಾಪಾರ ಇದೆ, ಒಟ್ಟಿಗೆ ಕೊಡಲು ಇಲ್ಲ ಅಂದರೆ ಇಬ್ಬರೂ ಸಹಿ ಮಾಡಿದ ಜಂಟಿ ಮೆಮೊವನ್ನು ಕೋರ್ಟಿಗೆ ಹಾಕಿ ಕಂತು ಮಾಡಿಕೊಳ್ಳಿ. ಲೋಕ ಅದಾಲತ್ ಇರುವ ದಿನ ಇ.ಪಿ.ಯನ್ನೂ ಅಲ್ಲಿಗೆ ಒಯ್ಯಬಹುದು. ಎರಡು ಷರತ್ತು ಮಾತ್ರ ಬರೆಸಿಕೊಳ್ಳಿ: ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ಒಟ್ಟಿಗೆ ಕೊಡಬೇಕು, ಮತ್ತು ಕೊನೇ ಕಂತು ಬರುವವರೆಗೆ ಆಗಿರುವ ಜಪ್ತಿ ತೆಗೆಯುವ ಹಾಗಿಲ್ಲ. ಕೋರ್ಟಿನ ಹೊರಗೆ ಕೈಗೆ ಹಣ ತಗೊಂಡರೆ ಅದನ್ನು ಕೋರ್ಟಿಗೆ ತಿಳಿಸಿ ದಾಖಲು ಮಾಡಿಸಿ. ಇದು ನಿಮ್ಮ ಕರ್ತವ್ಯ. ನೀವೇ ಸಾಲಗಾರನ ಜಾಗದಲ್ಲಿದ್ದು ಇದನ್ನು ಓದುತ್ತಿದ್ದರೆ, ದಾಖಲಾಗದ ಪಾವತಿಯನ್ನು ಇ.ಪಿ. ಕೋರ್ಟು ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅನ್ನುವುದನ್ನು ನೆನಪಿಡಿ.

ನಾನಾಗಿದ್ದರೆ

ಸಾಲಗಾರ ನೌಕರ, ಮೊತ್ತ ಎರಡು ಮೂರು ಲಕ್ಷದೊಳಗೆ: ಸಂಬಳ, ಬೇರೆ ಯೋಚನೆಯೇ ಬೇಡ. ವ್ಯಾಪಾರಿ, ಕಂಟ್ರಾಕ್ಟರ್: ಅವನಿಗೆ ಬಿಲ್ಲು ಕೊಡಬೇಕಾದವರು ಯಾರು ಅಂತ ಹುಡುಕಿ ಗಾರ್ನಿಷೀ. ಅವನ ಬ್ಯಾಂಕ್ ಖಾತೆಗೂ ಅದೇ ಹೊತ್ತಿಗೆ. ಬೇರೆ ಬೇರೆ ದಿನ ಹೋದರೆ ಎಚ್ಚರವಾಗುತ್ತಾನೆ. ಸೈಟೋ ಮನೆಯೋ ಇದ್ದು ಮೊತ್ತ ದೊಡ್ಡದಾದರೆ ಮೊದಲು ಜಪ್ತಿ ಮಾಡಿಸಿ ಇ.ಸಿ.ಗೆ ಹತ್ತಿಸಿ, ಆಮೇಲೆ ಮಾತುಕತೆಗೆ ಕೂರಿ. ಏನೂ ಗೊತ್ತಿಲ್ಲದಿದ್ದರೆ ನಿಯಮ 41ರ ಅರ್ಜಿ. ಆಸ್ತಿ, ಸಂಬಳ, ವ್ಯಾಪಾರ ಯಾವುದೂ ನಿಜವಾಗಿಯೂ ಇಲ್ಲದ ಮನುಷ್ಯನ ಹಿಂದೆ ಮಾತ್ರ ಇನ್ನಷ್ಟು ದುಡ್ಡು ಸುರಿಯಬೇಡಿ. 12 ವರ್ಷ ಇದೆ, ಅವನ ಕಾಲವೂ ಬದಲಾಗಬಹುದು. ವರ್ಷಕ್ಕೊಮ್ಮೆ ಇ.ಸಿ., ಪಹಣಿ ನೋಡುತ್ತಿರಿ.

ನನ್ನ ಕೇಸಿನಲ್ಲಿ ಅಪಾರ್ಟ್‌ಮೆಂಟಿನವರಿಂದ ಬಂದದ್ದು ಕಳೆದು, ಬಡ್ಡಿ ಸೇರಿ ಇನ್ನೂ 22 ಸಾವಿರ ಬಾಕಿ ಇದೆ. ಮೊನ್ನೆ ಬೈಪಾಸಿನ ಹತ್ತಿರ ಹೊಸ ಕಟ್ಟಡದ ಮುಂದೆ ಅದೇ ಕಂಟ್ರಾಕ್ಟರ್ ಬೋರ್ಡು ಕಂಡಿತು. ಗಾಡಿ ನಿಲ್ಲಿಸಿ, ಕಟ್ಟಡದ ಮಾಲೀಕರು ಯಾರು ಅಂತ ವಾಚ್‌ಮನ್ ಹತ್ತಿರ ಕೇಳಿ ಬರೆದುಕೊಂಡು ಬಂದಿದ್ದೇನೆ.